ಹಲ್ಲಣ್ಣ ಮನೆಸಾಲ ಬದಲಾಯಿಸಿದ್ದು

ಆ ಬೀದಿಯಲ್ಲಿ ಎಲ್ಲರೂ ಅವನನ್ನು ಹಲ್ಲಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಮನೆಪತ್ರದಲ್ಲೂ ಪಾಸ್‌ಬುಕ್ಕಿನಲ್ಲೂ ಕ್ಷೇಮವಾಗಿ ಕೂತಿತ್ತು, ಬೀದಿಗೆ ಅದರ ಗೊಡವೆ ಇರಲಿಲ್ಲ. ಹಾಗಂತ ಅವನ ಹಲ್ಲೇನೂ ಉಬ್ಬಿರಲಿಲ್ಲ. ಅವನು ಕಟ್ಟುಹಲ್ಲು ಮಾಡುವವನು. ಹಲ್ಲಿನ ಡಾಕ್ಟರು ವಯಸ್ಸಾದವರ ಬಾಯಿಯ ಅಚ್ಚು ತೆಗೆದು ಕಳಿಸಿದರೆ ಇವನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸಬೇಕು. ಸೆಟ್ಟು ಚೆನ್ನಾಗಿ ಕೂತರೆ ಹೆಸರು ಡಾಕ್ಟರಿಗೆ, ಒತ್ತಿದರೆ ಬೈಗುಳ ಇವನಿಗೆ. ಮೂವತ್ತಾರು ವರ್ಷ ಈ ನ್ಯಾಯದಲ್ಲೇ ಬದುಕಿದ್ದ, ಒಂದು ದಿನವೂ ಗೊಣಗಿರಲಿಲ್ಲ.

ಈ ಕೆಲಸ ಅವನ ಕಣ್ಣನ್ನು ಕೆಡಿಸಿಬಿಟ್ಟಿತ್ತು. ಎದುರಿಗೆ ನಿಂತವರು ಏನು ಹೇಳುತ್ತಿದ್ದಾರೆ ಎನ್ನುವುದಕ್ಕಿಂತ ಮೊದಲು ಯಾವ ಹಲ್ಲಿನಿಂದ ಹೇಳುತ್ತಿದ್ದಾರೆ ಎನ್ನುವುದು ಕಾಣುತ್ತಿತ್ತು. ಸಾವಿನ ಮನೆಗೆ ಹೋಗಿ ಅಳುವವರ ದವಡೆ ನೋಡಿಕೊಂಡು ಬಂದ ಮನುಷ್ಯ ಅವನು. ಹೆಂಡತಿಯನ್ನು ಮೊದಲ ಸಲ ನೋಡಲು ಹೋದಾಗಲೂ ಆಕೆಯ ಸೀರೆ, ಜಡೆ ಯಾವುದೂ ಕಣ್ಣಿಗೆ ಬೀಳಲಿಲ್ಲ. ಮೇಲಿನ ಸಾಲಿನ ಎಡಗಡೆ ಒಂದು ಹಲ್ಲು ಪಕ್ಕದ ಹಲ್ಲಿನ ಮೇಲೆ ಚೂರೇ ಚೂರು ಏರಿತ್ತು, ಅದನ್ನು ನೋಡಿಯೇ ಒಪ್ಪಿದ. ಆಕೆ ಇದನ್ನು ಇಪ್ಪತ್ತೈದು ವರ್ಷದಿಂದ ಬಂದವರಿಗೆಲ್ಲ ಹೇಳಿ ಅವನ ಮಾನ ತೆಗೆಯುತ್ತಿದ್ದಳು.

ಅಂಥ ಹಲ್ಲಣ್ಣ ಐವತ್ತೊಂದನೇ ವಯಸ್ಸಿನಲ್ಲಿ ಹೆದರಲು ಶುರುಮಾಡಿದ. ಹಾವು ಕಂಡರೆ ಆಗುವಂಥ ಹೆದರಿಕೆಯಲ್ಲ, ಅದು ಹಾವು ಹೋದಮೇಲೆ ಹೋಗುತ್ತದೆ. ಇದು ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆಯಲ್ಲಿ ಇರುತ್ತಿತ್ತು, ಊಟ ಮಾಡಿದರೆ ಊಟದ ಕೆಳಗೆ ಇರುತ್ತಿತ್ತು. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಅದನ್ನು ಹಿಡಿದುಕೊಂಡು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಫೋನು ನಿಲ್ಲುವವರೆಗೂ ಅಲ್ಲೇ ನಿಂತಿದ್ದು, ಸುಮ್ಮನೆ ಒಂದು ಚೊಂಬು ನೀರು ಸುರಿದು ಹೊರಗೆ ಬರುತ್ತಿದ್ದ.

ಕಾರಣ ಮನೆ. ಎರಡು ಕೋಣೆ, ಅಡುಗೆಮನೆ, ಮುಂದೆ ಬೀದಿಗೆ ಕಿಟಕಿಯಿದ್ದ ಇನ್ನೊಂದು ಸಣ್ಣ ಕೋಣೆ. ಒಂಬತ್ತು ವರ್ಷದ ಹಿಂದೆ ಬ್ಯಾಂಕಿನಲ್ಲಿ ಸಾಲ ಮಾಡಿ ಕೊಂಡದ್ದು. ಆಗ ತಿಂಗಳ ಕಂತು ಹದಿನಾಲ್ಕು ಸಾವಿರ, ಕೈಯಲ್ಲಿ ಐದು ಡಾಕ್ಟರುಗಳ ಕೆಲಸ. ಬಡ್ಡಿ ಮೆಲ್ಲಗೆ ಏರಿ ಏರಿ ಕಂತು ಹತ್ತೊಂಬತ್ತೂವರೆ ಸಾವಿರಕ್ಕೆ ಬಂತು. ಅದೇ ಹೊತ್ತಿಗೆ ದೊಡ್ಡ ಕಾರ್ಖಾನೆಯೊಂದು ಹುಟ್ಟಿಕೊಂಡಿತು. ಡಾಕ್ಟರು ಬಾಯೊಳಗೆ ಒಂದು ಕಡ್ಡಿ ಆಡಿಸಿದರೆ ಕಂಪ್ಯೂಟರಿನಲ್ಲಿ ಬಾಯಿ ಮೂಡುತ್ತದಂತೆ, ಅಲ್ಲಿ ಯಂತ್ರ ಕೂತಲ್ಲೇ ಹಲ್ಲು ಕೆತ್ತುತ್ತದಂತೆ. ಐದು ಡಾಕ್ಟರುಗಳಲ್ಲಿ ಮೂವರು ಅತ್ತ ವಾಲಿದರು. ಕಂತು ಮೇಲೆ ಹೋಯಿತು, ಕೆಲಸ ಕೆಳಗೆ ಬಂತು, ಹಲ್ಲಣ್ಣ ನಡುವೆ ಸಿಕ್ಕಿಕೊಂಡ.

ಒಂದು ಕಂತೂ ತಪ್ಪಿಸಿರಲಿಲ್ಲ, ಅದು ನಿಜ. ಆದರೆ ಹೇಗೆ ಕಟ್ಟುತ್ತಿದ್ದ ಎನ್ನುವುದು ಅವನಿಗೆ ಮಾತ್ರ ಗೊತ್ತು. ಒಂದು ತಿಂಗಳು ಭಾವಮೈದುನನ ಹತ್ತಿರ ಕೈಸಾಲ, ಇನ್ನೊಂದು ತಿಂಗಳು ಪ್ಲಾಸ್ಟರ್ ಅಂಗಡಿಯವನಿಗೆ ಕೈಮುಗಿದು ಅವನ ಬಾಕಿ ಮುಂದೂಡಿದ್ದು, ಮತ್ತೊಂದು ತಿಂಗಳು ಹೆಂಡತಿಯ ಬಳೆ. ಬಳೆ ಪಾಲಿಶ್ ಮಾಡಿಸಲು ಕೊಟ್ಟಿದ್ದೀನಿ ಎಂದು ಹೇಳಿದ್ದ. ನಾಲ್ಕು ತಿಂಗಳಿಂದ ಪಾಲಿಶ್ ಆಗುತ್ತಲೇ ಇತ್ತು. ಆಕೆ ಕೇಳುವುದನ್ನು ಬಿಟ್ಟಿದ್ದಳು, ಅದೇ ಅವನಿಗೆ ಹೆಚ್ಚು ಭಯ ತಂದಿತ್ತು.

ಬೀದಿಯ ಕೊನೆಯಲ್ಲಿ ಒಬ್ಬ ಗಡಿಯಾರದಂಗಡಿಯವನ ಮನೆಯಿತ್ತು. ಹೋದ ವರ್ಷ ಅವನ ಬಾಗಿಲಿಗೆ ಬ್ಯಾಂಕಿನವರು ಕಾಗದ ಅಂಟಿಸಿ ಹೋಗಿದ್ದರು. ಶಾಲೆ ಬಿಟ್ಟು ಬರುವ ಮಕ್ಕಳು ಅದರ ಮುಂದೆ ನಿಂತು ಪಾಠ ಓದುವ ಹಾಗೆ ಜೋರಾಗಿ ಓದುತ್ತಿದ್ದವು. ತಿಂಗಳು ತುಂಬುವುದರೊಳಗೆ ಆ ಮನೆಯವರು ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಹೋದರು. ಕನ್ನಡಿ ಬೀರು ಹೊತ್ತವರು ಹಲ್ಲಣ್ಣನ ಮನೆಯ ಮುಂದೆ ಸುಧಾರಿಸಿಕೊಳ್ಳಲು ಇಳಿಸಿದಾಗ ಅದರೊಳಗೆ ಅವನ ಮನೆ, ಕಿಟಕಿ, ಕಿಟಕಿಯಲ್ಲಿ ಅವನು, ಎಲ್ಲ ಕಂಡಿತು. ಅವತ್ತಿನಿಂದ ಬೆಳಿಗ್ಗೆ ಎದ್ದು ಮಾಡುವ ಮೊದಲ ಕೆಲಸ ಬಾಗಿಲು ತೆಗೆದು ಹೊರಮೈ ನೋಡುವುದು. ಹಾಲು ತರಲು ಎಂದು ಹೆಂಡತಿಗೆ ಹೇಳುತ್ತಿದ್ದ. ಹಾಲು ಅರ್ಧ ಗಂಟೆ ಬಿಟ್ಟು ಬರುತ್ತಿತ್ತು.

ಇಂಥ ಹೊತ್ತಿನಲ್ಲಿ ಸಾಲ ಮಾಡಿಸಿಕೊಡುವ ಏಜೆಂಟ್ ಒಬ್ಬ ಸಿಕ್ಕಿದ. ತೋಳಿಗೆ ಹೆಲ್ಮೆಟ್ಟು ತಗುಲಿಸಿಕೊಂಡೇ ಮನೆಯೊಳಗೆ ಬರುವ, ಕೂತರೂ ಅದನ್ನು ಕೆಳಗಿಡದ ಆಸಾಮಿ. ಅವನು ಹೇಳಿದ್ದು ಕೇಳಲು ಚೆನ್ನಾಗಿತ್ತು. ಬೇರೆ ಬ್ಯಾಂಕೊಂದು ಈ ಸಾಲವನ್ನು ಪೂರ್ತಿ ತೀರಿಸಿಬಿಡುತ್ತದೆ, ಮನೆಪತ್ರ ತನ್ನ ಕಡೆ ಇಟ್ಟುಕೊಂಡು ಕಡಿಮೆ ಬಡ್ಡಿಗೆ ಹೊಸ ಸಾಲ ಕೊಡುತ್ತದೆ, ಮನೆಯ ಬೆಲೆ ಏರಿರುವುದರಿಂದ ಕೈಸಾಲ ತೀರಿಸಿಕೊಳ್ಳಲು ಮೇಲೆ ಒಂದಿಷ್ಟು ಸೇರಿಸಿಯೂ ಕೊಡುತ್ತದೆ. ವರ್ಷ ಉದ್ದವಾಗುತ್ತದೆ, ಕಂತು ಹದಿನೈದು ಸಾವಿರದ ಆಸುಪಾಸಿಗೆ ಇಳಿಯುತ್ತದೆ.

"ಆದ್ರೆ ಒಂದು ವಿಷ್ಯ" ಎಂದು ಏಜೆಂಟ್ ಮುಂದಿನ ಕೋಣೆಯ ಕಡೆ ಕಣ್ಣು ಹಾಯಿಸಿದ. ಬೆಂಚಿನ ಮೇಲೆ ಆರು ಜನರ ಪ್ಲಾಸ್ಟರ್ ದವಡೆ ಸಾಲಾಗಿ ಒಣಗುತ್ತಿದ್ದವು. "ಇದೆಲ್ಲಾ ಏನ್ ಸರ್?"

"ನನ್ನ ಕೆಲಸ."

"ಮನೇಲೇನಾ? ಅಯ್ಯೋ, ಮನೆ ಸಾಲ ಅಂದ್ರೆ ವಾಸಕ್ಕೆ ಮಾತ್ರ. ವ್ಯಾಪಾರ ಗೀಪಾರ ಕಂಡ್ರೆ ಕಥೆ ಮುಗೀತು. ಅರ್ಜೀನೇ ವಾಪಸ್. ನಿಮ್ಮ ಹಳೇ ಬ್ಯಾಂಕಿಗೂ ಗೊತ್ತಾಗುತ್ತೆ, ಅವ್ರೂ ತಕರಾರು ತೆಗೀತಾರೆ."

ಈ ಕೊನೆಯ ಮಾತು ಸಾಕಾಯಿತು. ಏಜೆಂಟನಿಗೆ ನಿಯಮ ಎಷ್ಟು ಗೊತ್ತಿತ್ತೋ ಆ ದೇವರೇ ಬಲ್ಲ, ಅರ್ಧ ತಿಳಿದು ಪೂರ್ತಿ ಹೇಳುವವರ ಪೈಕಿ ಅವನು. ಹಲ್ಲಣ್ಣ ಬ್ಯಾಂಕಿಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ಆದರೆ ಹೆದರಿದವನು ಕೇಳುವುದಿಲ್ಲ, ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ. ಏಜೆಂಟ್ ಹೇಳಿಕೊಟ್ಟ ಹಾಗೆ ಅರ್ಜಿಯಲ್ಲಿ ಕೆಲಸದ ಜಾಗ ಎಂದಿದ್ದ ಕಡೆ, ಇವನಿಗೆ ಈಗಲೂ ಕೆಲಸ ಕೊಡುತ್ತಿದ್ದ ಡಾಕ್ಟರಮ್ಮನ ಕ್ಲಿನಿಕ್ಕಿನ ವಿಳಾಸ ಬರೆದ. ಡಾಕ್ಟರಮ್ಮ ಪಾಪ ಒಳ್ಳೆಯವರು. ಇವನು ನಮ್ಮಲ್ಲಿ ದಿನಾ ಎಂಟು ಗಂಟೆ ಕೆಲಸ ಮಾಡುತ್ತಾನೆ, ಇಷ್ಟು ಸಂಬಳ ಕೊಡುತ್ತೇವೆ ಎಂದು ಒಂದು ಪತ್ರವನ್ನೂ ಕೊಟ್ಟರು.

"ಬೇಡಾರೀ" ಎಂದಳು ಹೆಂಡತಿ. "ನಾಳೆ ಯಾರಾದ್ರೂ ಕೇಳಿದ್ರೆ?"

"ಯಾರು ಕೇಳ್ತಾರೆ?"

"ಕೇಳಲ್ಲ ಅಂದ್ರೆ ನಿಮ್ಮ ಕೈ ಯಾಕೆ ನಡುಗ್ತಿದೆ?"

ಅವನು ಕೈಯನ್ನು ಜೇಬಿಗೆ ಹಾಕಿಕೊಂಡ.

ಮನೆ ಅಳೆದು ಬೆಲೆ ಕಟ್ಟಲು ಬ್ಯಾಂಕಿನ ಕಡೆಯ ಇಂಜಿನಿಯರು ಬುಧವಾರ ಹತ್ತು ಗಂಟೆಗೆ ಬರುತ್ತಾರೆ ಎಂದು ಏಜೆಂಟನ ಫೋನ್ ಬಂತು. ಬುಧವಾರ ಬೆಳಕು ಹರಿಯುವಾಗಲೇ ಗಂಡ, ಹೆಂಡತಿ, ಮಗಳು ಮೂವರೂ ಎದ್ದು ಮನೆಯಿಂದ ಅವನ ಕಸುಬನ್ನು ಹೊರಹಾಕಲು ನಿಂತರು. ಹೊಳಪು ಕೊಡುವ ಮೋಟರನ್ನು ಬೆಂಚಿಗೆ ನಾಲ್ಕು ಬೋಲ್ಟು ಹಾಕಿ ಬಿಗಿದಿತ್ತು. ಒಂಬತ್ತು ವರ್ಷದ ತುಕ್ಕು ಹಿಡಿದಿತ್ತು. ಮೂರು ಬೋಲ್ಟು ಬಂದವು, ನಾಲ್ಕನೆಯದು ಬರಲಿಲ್ಲ. ಹಲ್ಲಣ್ಣ ಸುತ್ತಿಗೆಯಿಂದ ಅದರ ತಲೆ ಹಾರಿಸಿ ಮೋಟರನ್ನು ಮಂಚದ ಕೆಳಗೆ ನೂಕಿದ. ಬೆಂಚಿನ ಮೇಲೆ ಬಟ್ಟೆ ಹಾಸಿ ಹೂದಾನಿ ಇಟ್ಟ ಮೇಲೆ ಅದು ಊಟದ ಮೇಜಾಯಿತು. ಅಚ್ಚು ಬೇಯಿಸುವ ಕುಕ್ಕರನ್ನು ಅಡುಗೆಮನೆಯ ಕುಕ್ಕರುಗಳ ನಡುವೆ ಸೇರಿಸಿದರು. ಅದರಷ್ಟು ಸುಲಭ ಬೇರೆ ಯಾವುದೂ ಆಗಲಿಲ್ಲ. ಅಂಗಡಿಯಿಂದ ತಂದ ಬಿಡಿ ಹಲ್ಲಿನ ಪಟ್ಟಿಗಳೂ ಕಚ್ಚಿಸಿ ನೋಡುವ ನೀಲಿ ಕಾಗದವೂ ದಿಂಬಿನ ಚೀಲದೊಳಗೆ ಹೋದವು. ಕಿಟಕಿಯ ಸರಳಿನ ಮೇಲೆ ಕೂತ ಬಿಳಿ ಧೂಳನ್ನು ಹೆಂಡತಿ ಮೂರು ಸಲ ಒರೆಸಿದಳು. ಒರೆಸಿದಷ್ಟೂ ಗೋಡೆಯಿಂದ ಇನ್ನಷ್ಟು ಉದುರಿತು.

ದವಡೆಗಳು ಉಳಿದವು. ಎಣಿಸಿದರೆ ನಲವತ್ತೊಂದು. ಕೆಲವರ ಸೆಟ್ಟು ಮುರಿದರೆ ಬೇಕಾಗುತ್ತದೆಂದು ಅವನು ಈ ವರ್ಷದ ಯಾವುದನ್ನೂ ಎಸೆದಿರಲಿಲ್ಲ. ಮಗಳು ಕನ್ನಡಕದಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು, ಇಪ್ಪತ್ತಮೂರು ವರ್ಷ, ಅಪ್ಪನ ಹಾಗೆ ಕಡಿಮೆ ಮಾತು. ಅವಳೇ ಬಟ್ಟೆಯ ಚೀಲ ತಂದು ಅಷ್ಟೂ ದವಡೆಗಳನ್ನು ಅದಕ್ಕೆ ತುಂಬಿದಳು.

"ಎಲ್ಲಿಗೆ ತಗೊಂಡ್ ಹೋಗ್ತೀಯೇ?" ಎಂದಳು ಅಮ್ಮ.

"ಅಂಗಡೀಲಿ ಕೌಂಟರ್ ಕೆಳಗಿಡ್ತೀನಿ. ಸಂಜೆ ತರ್ತೀನಿ." ಬಾಗಿಲ ತನಕ ಹೋದವಳು ತಿರುಗಿದಳು. "ಅಪ್ಪಾ, ಇಷ್ಟೆಲ್ಲಾ ಮಾಡೋ ಬದ್ಲು ನಿಜ ಹೇಳಿಬಿಡಬಾರ್ದಾ?"

"ನಿಂಗೆ ಗೊತ್ತಾಗಲ್ಲ, ಸುಮ್ನಿರು" ಎಂದು ಹಲ್ಲಣ್ಣ ಗದರಿದ. ಜೀವಮಾನದಲ್ಲಿ ಮಗಳನ್ನು ಗದರಿದ್ದು ಮೂರನೆಯ ಸಲವೋ ನಾಲ್ಕನೆಯ ಸಲವೋ.

ಇನ್ನು ವಾಸನೆ. ವಸಡು ಮಾಡುವ ಪುಡಿಯನ್ನು ಕಲಸುವ ದ್ರವಕ್ಕೆ ಮೂಗಿನ ತುದಿಗೆ ಚುಚ್ಚುವಂಥ ಘಾಟು. ಅದು ಗೋಡೆಗೂ ಪರದೆಗೂ ಅವನ ಮೈಗೂ ಹಿಡಿದಿತ್ತು. ಮನೆಯವರಿಗೆ ಅದರ ಪರಿವೆಯೇ ಇರಲಿಲ್ಲ, ಹೊಸಬರು ಬಂದರೆ ಹೊಸ್ತಿಲಲ್ಲೇ ಮೂಗು ಮುಚ್ಚುತ್ತಿದ್ದರು. ಒಂಬತ್ತೂವರೆಗೆ ಹೆಂಡತಿ ಎರಡು ಸೇರು ಈರುಳ್ಳಿ ಹೆಚ್ಚಿ ಬಾಣಲೆಗೆ ಹಾಕಿದಳು. ಇಬ್ಬರ ಕಣ್ಣಲ್ಲೂ ನೀರು. ಯಾರದು ಈರುಳ್ಳಿಯ ನೀರು, ಯಾರದು ಅಲ್ಲ ಎಂದು ಇಬ್ಬರೂ ಕೇಳಲಿಲ್ಲ.

ಇಂಜಿನಿಯರು ಹೇಳಿದ ಹೊತ್ತಿಗೆ ಬಂದರು. ಅರವತ್ತು ದಾಟಿದ, ತೆಳ್ಳಗಿನ, ಇಸ್ತ್ರಿ ಕೆಡದ ಅಂಗಿಯ ಮನುಷ್ಯ. ಕೈಯಲ್ಲಿ ಅಳತೆಯ ಟೇಪು, ಬಗಲಲ್ಲಿ ಫೈಲು. "ನಮಸ್ಕಾರ, ಮನೆ ನೋಡಬಹುದಾ?" ಎಂದರು.

ಟಕ್.

ಹಲ್ಲಣ್ಣನ ಕಿವಿ ನಿಮಿರಿತು. ಮೇಲಿನ ಸೆಟ್ಟು ಸಡಿಲ. ಹಿಂದಿನ ಹಲ್ಲು ಎತ್ತರವಾಗಿ ಕೂತಿದೆ. 'ಮನೆ' ಎನ್ನುವಾಗ ತುಟಿ ಮುಚ್ಚುತ್ತದೆ, 'ನೋಡಬಹುದಾ' ಎನ್ನುವಾಗ ಹಲ್ಲಿಗೆ ಹಲ್ಲು ಬಡಿಯುತ್ತದೆ. ಆ ಹಲ್ಲಿನ ಬಣ್ಣ, ಮುಂದಿನ ಆರೂ ಹಲ್ಲು ಗೆರೆ ಎಳೆದ ಹಾಗೆ ಒಂದೇ ಸಮ ಇದ್ದದ್ದು, ಇಷ್ಟು ಸಾಕಿತ್ತು. ಅದು ಯಂತ್ರದ ಕೆಲಸ. ಅವನ ಮೂವರು ಡಾಕ್ಟರುಗಳನ್ನು ನುಂಗಿದ ಕಾರ್ಖಾನೆಯದು. ಸುಮ್ಮನಿರು, ಇವತ್ತು ನೀನು ಕಟ್ಟುಹಲ್ಲಿನವನಲ್ಲ, ಎಂದು ತನಗೆ ತಾನೇ ಹೇಳಿಕೊಂಡು ನೆಲ ನೋಡಿದ.

ಅವರು ಮಲಗುವ ಕೋಣೆ ಅಳೆದರು. ಟೇಪಿನ ತುದಿ ಹಿಡಿಯಲು ಹಲ್ಲಣ್ಣ ಬಗ್ಗಿದಾಗ ಮಂಚದ ಕೆಳಗೆ ಮೋಟರಿನ ಕಪ್ಪು ಮೂತಿ ಕಂಡು ಹೊದಿಕೆಯ ಅಂಚನ್ನು ಮೆಲ್ಲಗೆ ಕೆಳಗೆಳೆದ. ಅಡುಗೆಮನೆ ಅಳೆದರು. "ಏನಮ್ಮಾ, ಮನೇಲಿ ಏನಾದ್ರೂ ಸಮಾರಂಭವಾ, ಇಷ್ಟೊಂದು ಈರುಳ್ಳಿ?" ಎಂದರು. ಟಕ್, ಟಕ್. ಹೆಂಡತಿ "ಹ್ಞೂಂ, ಹಾಗೇ ಸುಮ್ನೆ" ಎಂದಳು. ಮುಂದಿನ ಕೋಣೆಗೆ ಬಂದರು. ಉದ್ದ ಹನ್ನೊಂದು ಅಡಿ, ಅಗಲ ಒಂಬತ್ತು. ಬರೆದುಕೊಂಡರು. ಬೆಂಚಿನ ಮೇಲಿನ ಬಟ್ಟೆಯನ್ನು ನೋಡಿದರು, ಹೂದಾನಿಯನ್ನು ನೋಡಿದರು. ಹಲ್ಲಣ್ಣ ನಿಮಿಷ ಎಣಿಸಿದ. ಇನ್ನೊಂದು ಐದು ನಿಮಿಷ. ಐದೇ ನಿಮಿಷ ಕಳೆದರೆ ಮನೆ ಉಳಿಯುತ್ತದೆ.

ಹೆಂಡತಿ ಟೀ ತಂದಳು. ಅವರು ಕೂತು ಒಂದು ಗುಟುಕು ಕುಡಿದರು. ಬಲಗೆನ್ನೆಯನ್ನು ಅಂಗೈಯಿಂದ ಒತ್ತಿಕೊಂಡು ಕಣ್ಣು ಮುಚ್ಚಿದರು. ಮತ್ತೆ ಕುಡಿದರು. ಮತ್ತೆ ಕಣ್ಣು ಮುಚ್ಚಿದರು. ಲೋಟ ಕೆಳಗಿಟ್ಟಾಗ ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು ಇತ್ತು.

ಲೋಕದಲ್ಲಿ ಬೇರೆ ಯಾರೇ ಆಗಿದ್ದರೂ ಅದನ್ನು ನೋಡುತ್ತಿರಲಿಲ್ಲ. ನೋಡಿದರೂ ತನ್ನ ಮನೆಯ ಕಥೆ ನೋಡಿಕೊಂಡು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಹಲ್ಲಣ್ಣ ಪಾಪಿ, ತಡೆದುಕೊಳ್ಳಲು ನೋಡಿದ. ಕೈಬೆರಳು ತಾವಾಗಿಯೇ ಒಂದನ್ನೊಂದು ಉಜ್ಜುತ್ತಿದ್ದವು.

"ಎಷ್ಟು ದಿನದಿಂದ ಒತ್ತುತ್ತಿದೆ ಸರ್?" ಎಂದುಬಿಟ್ಟ.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಕಲ್ಲಾದಳು.

"ಏನು?"

"ಬಲಗಡೆ, ಕೆಳಗಿನ ಸೆಟ್ಟು, ಒಳಮೈ. ಹುಣ್ಣಾಗಿದೆ. ಹಿಂದಿನ ಹಲ್ಲು ಎತ್ತರ ಇರೋದಕ್ಕೆ ಪ್ರತಿ ಸಲ ಮಾತಾಡಿದ್ರೂ ಅದ್ರ ಮೇಲೇ ಭಾರ ಬೀಳ್ತಿದೆ. ಇದನ್ನ ಹಾಕ್ಕೊಂಡು ನೀವು ಹೇಗೆ ಊಟ ಮಾಡ್ತೀರಿ?"

ಇಂಜಿನಿಯರು ಕೆನ್ನೆಯಿಂದ ಕೈ ತೆಗೆದರು. "ಮಾಡಲ್ಲ" ಎಂದರು ಮೆಲ್ಲಗೆ. "ಐದು ತಿಂಗಳಾಯ್ತು. ಗಂಜಿ, ಇಲ್ಲಾಂದ್ರೆ ಹಾಲಿಗೆ ಬ್ರೆಡ್ಡು. ತೋರಿಸ್ದೆ, ಅಭ್ಯಾಸ ಆಗುತ್ತೆ ಅಂದ್ರು. ನಿಮಗೆ ಇದೆಲ್ಲಾ ಹೇಗೆ ಗೊತ್ತು?"

ಈಗಲೂ ಸಮಯವಿತ್ತು. ನನ್ನ ಅಪ್ಪನಿಗೂ ಹೀಗೇ ಆಗಿತ್ತು ಎಂದಿದ್ದರೆ ಸಾಕಿತ್ತು. ಹಲ್ಲಣ್ಣ ಹೆಂಡತಿಯ ಕಡೆ ನೋಡಿದ. ಆಕೆ ಬೇಡ ಎಂದು ತಲೆಯಾಡಿಸಿದಳೋ, ತಲೆಯೇ ನಡುಗಿತೋ. ಅವನು ಎದ್ದು ಹೂದಾನಿಯನ್ನು ನೆಲಕ್ಕಿಟ್ಟ. ಬಟ್ಟೆ ಎಳೆದ. ಕಲೆ, ಸುಟ್ಟ ಗುರುತು, ಮೂರು ತೂತು, ಒಂದು ಮುರಿದ ಬೋಲ್ಟು ಇದ್ದ ಬೆಂಚು ಹೊರಗೆ ಬಂತು.

"ನಾನು ಮಾಡೋದೇ ಅದು ಸರ್. ಇದೇ ಕೋಣೇಲಿ" ಎಂದ.

ಆಮೇಲೆ ಆದದ್ದೆಲ್ಲ ಬೇಗ ಆಯಿತು. ಮಂಚದ ಕೆಳಗಿಂದ ಮೋಟರು ಬಂತು, ಕಚ್ಚಿದರೆ ಎತ್ತರದ ಹಲ್ಲಿಗೆ ಬಣ್ಣ ಹತ್ತಿಸುವ ನೀಲಿ ಕಾಗದ ದಿಂಬಿನಿಂದ ಬಂತು. "ಬಾಯಿಗೆ ಕೈ ಹಾಕೋದು ಡಾಕ್ಟರ ಕೆಲ್ಸ, ನಂದಲ್ಲ. ನೀವೇ ಕಚ್ಚಿ, ನೀವೇ ತೆಗೆದುಕೊಡಿ" ಎಂದ. ಅವರು ನೀಲಿ ಕಾಗದ ಕಚ್ಚಿದರು. ಗೋಡೆಯ ಕಡೆ ತಿರುಗಿ ಸೆಟ್ಟು ತೆಗೆದರು. ತಿರುಗಿದಾಗ ಮುಖ ಒಳಗೆ ಬಿದ್ದು ಹತ್ತು ವರ್ಷ ಹೆಚ್ಚಾಗಿತ್ತು, ಆ ಇಸ್ತ್ರಿ ಅಂಗಿ ಯಾರದೋ ಕೇಳಿ ತಂದ ಹಾಗಿತ್ತು. ನೀಲಿ ಬಿದ್ದ ಕಡೆ ಹಲ್ಲಣ್ಣ ಒಂದು ಕೂದಲಿನಷ್ಟು ತೆಗೆದ. ಮತ್ತೆ ಕಚ್ಚಿಸಿದ, ಮತ್ತೆ ತೆಗೆದ. ಮೋಟರನ್ನು ಹೆಂಡತಿ ಎರಡು ಕೈಯಿಂದ ಅಮುಕಿ ಹಿಡಿದುಕೊಂಡಳು, ಬೋಲ್ಟಿಲ್ಲದ್ದು ಕುಣಿಯುತ್ತಿತ್ತು. ಬಿಳಿ ಧೂಳು ಹೊಸದಾಗಿ ಒರೆಸಿದ ಸರಳಿನ ಮೇಲೆಲ್ಲ ಕೂತಿತು. ಇಪ್ಪತ್ತು ನಿಮಿಷ ಹಲ್ಲಣ್ಣನಿಗೆ ಹೆದರಿಕೆಯೇ ನೆನಪಾಗಲಿಲ್ಲ. ಒಂದು ವರ್ಷದಲ್ಲಿ ಅವನಿಗೆ ಸಿಕ್ಕ ಅಂಥ ಇಪ್ಪತ್ತು ನಿಮಿಷ ಅದೊಂದೇ.

ಅವರು ಹಾಕಿಕೊಂಡರು. "ಒಂದು, ಎರಡು, ಮೂರು" ಎಂದು ಹತ್ತರವರೆಗೆ ಎಣಿಸಿದರು. ಟಕ್ ಎನ್ನಲಿಲ್ಲ. ಮಗುವಿನ ಹಾಗೆ ಇನ್ನೊಂದು ಸಲ ಎಣಿಸಿದರು. ಹೆಂಡತಿ ಏನು ತೋಚಿತೋ, ಒಳಗೆ ಹೋಗಿ ಹುರಿದ ಈರುಳ್ಳಿಯನ್ನೇ ಒಂದು ತಟ್ಟೆಯಲ್ಲಿ ತಂದಿಟ್ಟಳು. ಅವರು ಅಷ್ಟನ್ನೂ ಅಗಿದು ತಿಂದರು.

"ಎಷ್ಟಾಯ್ತು?" ಎಂದರು ಕೈ ಒರೆಸಿಕೊಂಡು.

"ಬೇಡ ಸರ್."

"ಬೇಡ ಅಂದ್ರೆ ಅದಕ್ಕೆ ಬೇರೆ ಹೆಸರಿದೆ. ತಗೊಳ್ಳಿ." ದುಡ್ಡನ್ನು ಬೆಂಚಿನ ಮೇಲಿಟ್ಟರು. ಫೈಲು ಬಿಚ್ಚಿದರು. ಪೆನ್ನಿನ ಮುಚ್ಚಳ ತೆಗೆದರು. "ನೋಡಿ, ನಾನು ಕಂಡದ್ದನ್ನ ಬರೆಯೋನು. ಮೂವತ್ತು ವರ್ಷದಿಂದ ಹಾಗೇ ಮಾಡ್ಕೊಂಡ್ ಬಂದಿದೀನಿ. ಇದನ್ನೂ ಬರೀಬೇಕು."

ಹಲ್ಲಣ್ಣ ತಲೆಯಾಡಿಸಿದ. ಬೇಡಿಕೊಳ್ಳಬೇಕೆಂದು ಬಾಯಿ ತೆರೆದದ್ದು ನಿಜ. ಆದರೆ ಆ ಮನುಷ್ಯನ ಬಾಯಿಂದ ಮಾತು ಅಷ್ಟು ಸಲೀಸಾಗಿ ಬರುತ್ತಿದ್ದುದನ್ನು ಕೇಳಿ, ಅದಕ್ಕೆ ತಾನೇ ಕಾರಣ ಎಂದು ಗೊತ್ತಿದ್ದೂ, ಸುಳ್ಳು ಬರೆಯಿರಿ ಎಂದು ಕೇಳಲು ನಾಲಿಗೆ ಏಳಲಿಲ್ಲ. ಅವರು ಬರೆದು ಮುಗಿಸಿ ಹೋದರು. ಹೆಂಡತಿ ಬೆಂಚನ್ನು ಒರೆಸುತ್ತಾ ಹೇಳಿದ್ದು ಇಷ್ಟೇ: "ಪಾಪ, ಹಸಿದಿದ್ರು." ಬೈದಿದ್ದರೆ ಅವನಿಗೆ ಎಷ್ಟೋ ಹಾಯಾಗುತ್ತಿತ್ತು.

ಆಮೇಲಿನ ಹನ್ನೆರಡು ದಿನವನ್ನು ಹಲ್ಲಣ್ಣ ಹೇಗೆ ಕಳೆದನೋ. ಏಜೆಂಟಿಗೆ ಫೋನ್ ಮಾಡಿದರೆ "ನೀವೇ ಕೈಯಾರೆ ಹಾಳು ಮಾಡ್ಕೊಂಡ್ರಲ್ಲಾ ಸರ್" ಎಂದ, ಮರುದಿನದಿಂದ ಫೋನನ್ನೇ ಎತ್ತಲಿಲ್ಲ. ಡಾಕ್ಟರಮ್ಮನ ಒಂದು ಸೆಟ್ಟಿನಲ್ಲಿ ಎಡಗಡೆಯ ಕೋರೆಹಲ್ಲನ್ನು ಬಲಗಡೆಗೆ ಕೂರಿಸಿದ. ಮೂವತ್ತಾರು ವರ್ಷದಲ್ಲಿ ಹಾಗೆ ಆಗಿರಲಿಲ್ಲ. ಕಂತಿನ ದಿನ ಹತ್ತಿರ ಬಂತು, ಕೈಯಲ್ಲಿ ಆರು ಸಾವಿರ ಕಡಿಮೆ ಇತ್ತು, ಈ ಸಲ ಹೋಗಲು ಯಾವ ಬಾಗಿಲೂ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ಬಾಗಿಲ ಹೊರಮೈಯಲ್ಲಿ ಬಿಳಿ ಕಾಗದ ಕಂಡಿತು. ಓದಿದರೆ ಕೇಬಲ್ಲಿನವರ ಚೀಟಿ. ಅದನ್ನು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕುಸಿದು ಕೂತ. ಹಾಲಿನವನು ಬಂದು "ಯಾಕಣ್ಣಾ, ಹುಷಾರಿಲ್ವಾ?" ಎಂದಾಗಲೇ ಎದ್ದದ್ದು.

ಅದನ್ನು ಮಗಳು ಕಿಟಕಿಯಿಂದ ನೋಡಿದ್ದಳು. ಅವತ್ತು ಅವಳು ಅಂಗಡಿಗೆ ಹೋಗಲಿಲ್ಲ. "ಅಪ್ಪಾ, ಅಂಗಿ ಹಾಕ್ಕೋ. ಬ್ಯಾಂಕಿಗೆ ಹೋಗೋಣ. ಏನಾಯ್ತು ಅಂತ ಕೇಳ್ಕೊಂಡು ಬರೋಣ" ಎಂದಳು. ಅವನು ನೂರು ನೆಪ ಹೇಳಿದ, ಅವಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತೇ ಇದ್ದಳು.

ಹೊಸ ಬ್ಯಾಂಕಿನಲ್ಲಿ ಸಾಲ ನೋಡುವ ಮೇಡಂ ಮಗಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಮೇಜಿನ ಮೇಲೆ ಅವನ ಫೈಲು ತೆರೆದೇ ಇತ್ತು. ಹಲ್ಲಣ್ಣ ಕುರ್ಚಿಯ ತುದಿಯಲ್ಲಿ ಕೂತ.

"ನಾನೇ ಕರೆಸೋಣ ಅಂತಿದ್ದೆ. ಫೋನ್ ಮಾಡಿದ್ರೆ ನೀವು ಎತ್ತಲ್ಲ" ಎಂದರು ಮೇಡಂ. ಮಗಳು ಅಪ್ಪನ ಮುಖ ನೋಡಿದಳು. "ಮುಂದಿನ ಕೋಣೇಲಿ ಹಲ್ಲಿನ ಕೆಲಸ ನಡೆಯುತ್ತೆ ಅಂತ ರಿಪೋರ್ಟಲ್ಲಿದೆ. ಅದೇನೂ ತೊಂದ್ರೆ ಇಲ್ಲ."

"ತೊಂದ್ರೆ ಇಲ್ವಾ?" ಎಂದ ಹಲ್ಲಣ್ಣ.

"ಮನೇಲಿ ಕಾಲು ಭಾಗಕ್ಕಿಂತ ಕಡಿಮೆ ಜಾಗದಲ್ಲಿ ಸ್ವಂತ ಕಸುಬು ಮಾಡ್ಕೊಂಡ್ರೆ ನಮ್ಮಲ್ಲಿ ಒಪ್ತೀವಿ. ನಿಮ್ಮದು ಅಷ್ಟೂ ಇಲ್ಲ. ತೊಂದ್ರೆ ಇರೋದು ಇದ್ರಲ್ಲಿ." ಅವರು ಇನ್ನೊಂದು ಹಾಳೆ ಮುಂದಿಟ್ಟರು. ಡಾಕ್ಟರಮ್ಮನ ಪತ್ರ. "ದಿನಾ ಎಂಟು ಗಂಟೆ ಕ್ಲಿನಿಕ್ಕಲ್ಲಿ ಇರ್ತೀರಿ ಅಂತ ಇಲ್ಲಿದೆ, ಮನೇಲಿ ಕೆಲಸ ಮಾಡ್ತೀರಿ ಅಂತ ಅಲ್ಲಿದೆ. ಯಾವುದನ್ನ ನಂಬಲಿ? ಯಾಕೆ ಬರೆದ್ರಿ ಹೀಗೆ?"

ಹಲ್ಲಣ್ಣ ಪತ್ರವನ್ನು ಮಡಿಸಿ ಮೇಡಂ ಕಡೆ ಸರಿಸಿದ. "ಹೆದ್ರಿಕೆ ಆಯ್ತು ಮೇಡಂ" ಎಂದ.

ಮೇಡಂ ಸಿಟ್ಟಾಗಲಿಲ್ಲ. "ಬೇರೆ ಫೈಲಾಗಿದ್ರೆ ಇಷ್ಟೊತ್ತಿಗೆ ಮುಚ್ಚಿರ್ತಿದ್ದೆ. ಕೆಲಸದ ಕೋಣೆಯನ್ನ ಮನೆಯವರೇ ತೋರಿಸಿದ್ರು ಅಂತ ಇಂಜಿನಿಯರು ಬರೆದಿದ್ದಾರೆ, ಅದಕ್ಕೆ ಇಟ್ಕೊಂಡಿದೀನಿ. ಆದ್ರೆ ಈ ಪತ್ರ ಈಗ ಲೆಕ್ಕಕ್ಕೆ ಬರಲ್ಲ. ಪತ್ರ ತೆಗೆದ್ರೆ ನಿಮ್ಮ ಆದಾಯ ಬ್ಯಾಂಕ್ ಖಾತೇಲಿ ಕಾಣೋದು ಮಾತ್ರ. ಅದು ಸಾಲದು. ಇನ್ನೊಬ್ರು ಸಾಲಗಾರರಾಗಿ ಜೊತೆಗೆ ಸೇರ್ಬೇಕು. ಸಂಬಳ ಬರೋರು, ಮನೆಯವರೇ."

ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಕೋಣೆಯಲ್ಲಿ ಸಂಬಳ ಬರುವವರು ಇಬ್ಬರೇ, ಅದರಲ್ಲಿ ಒಬ್ಬರು ಮೇಡಂ.

"ಬೇಡ" ಎಂದು ಹಲ್ಲಣ್ಣ ಎದ್ದು ನಿಂತ. "ಬೇಡ ಮೇಡಂ. ಇದು ನಂದು. ಅವಳಿಗೆ ಇದ್ರ ಗಾಳೀನೂ ಸೋಕಬಾರ್ದು ಅಂತ ತಾನೇ ನಾನು..."

"ಕೂತ್ಕೋ ಅಪ್ಪಾ" ಎಂದಳು ಮಗಳು. ಆಮೇಲೆ ಮೇಡಂ ಕಡೆ ತಿರುಗಿದಳು. "ಎಷ್ಟು ವರ್ಷ?"

"ಹತ್ತೊಂಬತ್ತು."

ಮಗಳು ತುಟಿಯಲ್ಲೇ ಏನೋ ಕೂಡಿದಳು. ಇಪ್ಪತ್ತಮೂರಕ್ಕೆ ಹತ್ತೊಂಬತ್ತು ಸೇರಿಸಿದರೆ ನಲವತ್ತೆರಡು. ಅವಳ ಅಮ್ಮನಿಗೆ ಈಗ ಇರುವ ವಯಸ್ಸಿಗಿಂತ ನಾಲ್ಕೇ ವರ್ಷ ಕಡಿಮೆ. ಅರ್ಜಿಯ ಹೊಸ ಹಾಳೆ ಕೇಳಿ ಪಡೆದು ಅಪ್ಪನ ಮುಂದಿಟ್ಟಳು. "ಮೊದ್ಲು ನೀನು ಸರಿಯಾಗಿ ಬರಿ. ಆಮೇಲೆ ನಾನು ಸೈನ್ ಮಾಡ್ತೀನಿ." ಅವನು ಬರೆದ. ಕಸುಬು, ಕಟ್ಟುಹಲ್ಲು ಮಾಡುವುದು. ಕೆಲಸದ ಜಾಗ, ಮನೆ. ಅಕ್ಷರ ಸೊಟ್ಟಗೆ ಬಂದವು.

ಸಹಿಗೆ ಮುಂಚೆ ಕೆಲವು ಸಾಲುಗಳನ್ನು ಓದಿ ಹೇಳುವುದು ತಮ್ಮ ಕರ್ತವ್ಯ ಎಂದು ಮೇಡಂ ಓದುತ್ತಾ ಹೋದರು. ಬಡ್ಡಿ ಏರಿದರೆ ಹೀಗೆ, ಕಂತು ತಪ್ಪಿದರೆ ಹಾಗೆ. "ಇಬ್ಬರು ಸಾಲಗಾರರಲ್ಲಿ ಒಬ್ಬರು ಅವಧಿಗೆ ಮೊದಲೇ ತೀರಿಕೊಂಡರೆ ಉಳಿದ ಪೂರ್ತಿ ಸಾಲಕ್ಕೆ ಇನ್ನೊಬ್ಬರೇ ಹೊಣೆ." ಓದುವ ದನಿ ಬದಲಾಗಲಿಲ್ಲ, ಪಾಪ ದಿನಕ್ಕೆ ಹತ್ತು ಸಲ ಓದುವವರು. ಮಗಳ ಪೆನ್ನು ಮಾತ್ರ ಗಾಳಿಯಲ್ಲಿ ನಿಂತಿತು. ಅವಳು ಅಪ್ಪನನ್ನು ನೋಡಿದಳು. ಯಾವತ್ತೂ ನೋಡದ ಹಾಗೆ ನೋಡಿದಳು, ತಲೆಯ ನರೆಯನ್ನು, ಕುರ್ಚಿಯ ತುದಿಯಲ್ಲಿ ಮುದುಡಿದ ಮೈಯನ್ನು, ಉಗುರಿನ ಸಂದಿಯ ಬಿಳಿ ಧೂಳನ್ನು. ಹಲ್ಲಣ್ಣನಿಗೆ ಗೊತ್ತಾಯಿತು. ತನ್ನ ಹೊಟ್ಟೆಯಲ್ಲಿ ಒಂದು ವರ್ಷ ಬಚ್ಚಿಟ್ಟುಕೊಂಡಿದ್ದದ್ದು ಈಗ ಅವಳ ಕಣ್ಣಲ್ಲಿ ಇತ್ತು. ಅವಳು ಬಗ್ಗಿ ಸಹಿ ಹಾಕಿದಳು. ಒಟ್ಟು ಇಪ್ಪತ್ತೇಳು ಕಡೆ.

ಮೇಡಂ ಈ ತಿಂಗಳ ಕಂತಿನ ದಿನಕ್ಕೆ ಮುಂಚೆಯೇ ಹಳೆಯ ಸಾಲ ತೀರುವಂತೆ ನೋಡಿಕೊಳ್ಳುತ್ತೇನೆ ಎಂದರು. ಹೊಸ ಕಂತು ಹದಿನೈದು ಸಾವಿರದ ಇನ್ನೂರು. ಮನೆ ಉಳಿಯಿತು. ಫೋನಿನಲ್ಲಿ ಹೇಳಿದಾಗ ಹೆಂಡತಿ ಆ ಕಡೆಯಿಂದ ಬಿಕ್ಕಿದ್ದು ಕೇಳಿಸಿತು. ಬಳೆಯ ವಿಷಯವನ್ನೂ ಅವನು ಅದೇ ಉಸಿರಿನಲ್ಲಿ ಹೇಳಿಬಿಟ್ಟ. "ಗೊತ್ತಿತ್ತು, ಬನ್ನಿ ಮನೆಗೆ" ಎಂದಳು.

ಬ್ಯಾಂಕಿನ ಮೆಟ್ಟಿಲಿಳಿದು ಅಪ್ಪ ಮಗಳು ಬಸ್ಸಿನ ಕಡೆ ನಡೆದರು. ಹಗುರಾಗಬೇಕಿತ್ತು, ಆಗಲಿಲ್ಲ. ನಿನ್ನೆಯವರೆಗೆ ಅವನು ಹೆದರಿದ್ದು ಮನೆ ಹೋಗುತ್ತದೆಂದು. ಈಗ ತಾನು ಹೋದರೆ ಎಂಬ ಹೆದರಿಕೆ. ಐವತ್ತೊಂದಕ್ಕೆ ಹತ್ತೊಂಬತ್ತು, ಎಪ್ಪತ್ತು. ಎಪ್ಪತ್ತರವರೆಗೆ ಅವನು ಬದುಕಲೇಬೇಕು, ಕೈ ನಡುಗದಂತೆ, ಕಣ್ಣು ಮಂಜಾಗದಂತೆ. ಸಾಯುವುದಕ್ಕೂ ರಜೆ ಇಲ್ಲದ ಹಾಗಾಯಿತಲ್ಲ ಎಂದು ತಮಾಷೆ ಮಾಡಹೋದ. ಗಂಟಲಲ್ಲಿ ಧೂಳು ಸಿಕ್ಕಿ ಕೆಮ್ಮು ಬಂತು. ಎಂದಿನ ಕೆಮ್ಮೇ, ಮೋಟರಿನ ಧೂಳು ಕುಡಿದು ಕುಡಿದು ಬಂದದ್ದು, ಮನೆಯಲ್ಲಿ ಯಾರೂ ಅದಕ್ಕೆ ತಲೆಯೆತ್ತಿ ನೋಡುತ್ತಿರಲಿಲ್ಲ.

ಮಗಳು ನಿಂತಳು. ಅವನ ಕೆಮ್ಮು ಮುಗಿಯುವವರೆಗೂ ನಿಂತು ಕೇಳಿದಳು. ಆಮೇಲೆ ರಸ್ತೆ ದಾಟಿ ಎದುರಿನ ಔಷಧಿ ಅಂಗಡಿಗೆ ಹೋದಳು. ಹಲ್ಲಣ್ಣ ಹಿಂದೆಯೇ ಹೋದ.

"ಧೂಳಿಗೆ ಹಾಕ್ಕೊಳ್ಳೋ ಮಾಸ್ಕ್ ಇದ್ಯಾ? ಒಳ್ಳೇದು ಕೊಡಿ, ಗಟ್ಟಿ ಇರೋದು."

"ಡಬ್ಬಾದಲ್ಲಿ ಐವತ್ತಿರುತ್ತೆ. ಒಂದು ಡಬ್ಬಾ ಸಾಕಾ?" ಎಂದ ಅಂಗಡಿಯವನು.

"ನಂಗ್ಯಾಕೆ ಇದೆಲ್ಲಾ, ಮೂವತ್ತಾರು ವರ್ಷ ಹಾಕಿಲ್ಲ" ಎಂದು ಹಲ್ಲಣ್ಣ ಶುರುಮಾಡಿದ.

"ಸುಮ್ನಿರಪ್ಪಾ" ಎಂದಳು ಮಗಳು. ಅಂಗಡಿಯವನಿಗೆ ನಾಲ್ಕು ಬೆರಳು ತೋರಿಸಿ, ಪರ್ಸು ತೆಗೆದಳು.